ಒಡತಿಯ ಚಿತ್ರಕ್ಕೆ ನನ್ನ ಕೈ

ಆ ಚಿತ್ರದಲ್ಲಿ ದೊಡ್ಡಮನೆಯ ಒಡತಿಯದು ಮುಖ ಮಾತ್ರ, ಮಿಕ್ಕಿದ್ದೆಲ್ಲ ನಾನು. ತೈಲಚಿತ್ರದ ಕಸುಬಿನಲ್ಲಿ ಇದು ಮೋಸವಲ್ಲ, ವಾಡಿಕೆ. ಅಂಥವರು ಮುಖ ಬರೆಸಿಕೊಳ್ಳಲು ಒಂದು ಗಂಟೆ ಕೂತರೆ ಅದೇ ಪುಣ್ಯ. ಆಮೇಲೆ ಅವರ ರೇಷ್ಮೆ, ಒಡವೆ, ಬೀಸಣಿಗೆ ನಮ್ಮ ಮನೆಗೆ ಬರುತ್ತವೆ, ಹಿಂದೆಯೇ ಒಬ್ಬ ಕಾವಲುಗಾರನೂ. ಅವನ್ನೆಲ್ಲ ತೊಟ್ಟು ಕೂರುವುದು ಚಿತ್ರಗಾರನ ಹೆಂಡತಿಯ ಪಾಲಿಗೆ.

ಒಂಬತ್ತು ದಿನ ಕೂತೆ. ಮೊದಲ ದಿನವೇ ನನಗೆ ಅಮಲೇರಿತು. ಕಾವಲುಗಾರನಿಗೆ "ಆ ಕಿಟಕಿ ಮುಚ್ಚು" ಎಂದೆ, ಅವನು ಮುಚ್ಚಿಯೇಬಿಟ್ಟ! ಮಗಳು ಬಿದ್ದು ಬಿದ್ದು ನಕ್ಕಳು.

"ಅಮ್ಮಾ, ಹಾಲು ಉಕ್ತಿದೆ!"

"ನಮ್ಮಂಥವರು ಹಾಲಿಗೆಲ್ಲ ಏಳಲ್ಲ ಕಣೇ," ಎನ್ನುತ್ತಲೇ ರೇಷ್ಮೆ ಎತ್ತಿಕೊಂಡು ಓಡಿದೆ.

"ಅಲ್ಲಾಡಬೇಡ್ವೇ!" ನನ್ನವರು ಕುಂಚ ಹಿಡಿದು ಗೋಳಾಡಿದರು.

ಈ ಚಿತ್ರ ಒಪ್ಪಿಗೆಯಾದರೆ ಉಳಿದ ದೊಡ್ಡಮನೆಗಳ ಬಾಗಿಲೂ ಅವರಿಗೆ ತೆರೆಯುತ್ತಿತ್ತು. ಇಲ್ಲವಾದರೆ ಮತ್ತೆ ಅಂಗಡಿ ಬೋರ್ಡುಗಳೇ ಗತಿ.

ದೊಡ್ಡಮನೆಯ ಗೋಡೆಗೆ ಚಿತ್ರ ಏರಿದ ಮೇಲೆಯೇ ಎಡವಟ್ಟು ಕಣ್ಣಿಗೆ ಬಿದ್ದದ್ದು. ಒಡತಿ ಬೀಸಣಿಗೆಯನ್ನು ಸೌಟು ಹಿಡಿದಂತೆ ಹಿಡಿದಿದ್ದರು! ಮುಷ್ಟಿ ಬಿಗಿದು, ಹೆಬ್ಬೆರಳು ಒತ್ತಿ. ಹದಿನಾಲ್ಕು ವರ್ಷದಿಂದ ಆ ಮುಷ್ಟಿಯನ್ನು ನೋಡಿ ನೋಡಿ, ನನ್ನವರಿಗೆ ಅದು ವಿಚಿತ್ರವೆನಿಸಿಯೇ ಇರಲಿಲ್ಲ.

ಒಡತಿಯ ಅತ್ತೆ ಕನ್ನಡಕ ಏರಿಸಿದರು. "ಇದ್ಯಾರ ಕೈ?"

ನನ್ನವರ ಮುಖ ಸುಣ್ಣದ ಹಾಗಾಯಿತು.

"ನಂದು, ತಾಯಿ," ಎಂದೆ.

"ಅಳಿಸಿ ಬೇರೆ ಬರೀಲಿ."

"ನಾಳೆನೇ ನೆಂಟರೆಲ್ಲ ನೋಡೋಕೆ ಬರ್ತಾರೆ ಅತ್ತೆ, ಬಣ್ಣ ಒಣಗಲ್ಲ," ಎಂದ ಒಡತಿ ಚಿತ್ರದ ಮುಂದೆ ನಿಂತರು. ಪಕ್ಕದಲ್ಲಿ ಮೂರು ತಲೆಮಾರಿನ ಸೊಸೆಯಂದಿರ ಚಿತ್ರಗಳು. ಎಲ್ಲರ ಕೈಯೂ ಬೆಣ್ಣೆಮುದ್ದೆ. "ಅಬ್ಬಾ, ನನ್ನ ಕಂಡ್ರೆ ನಂಗೇ ಭಯ ಆಗ್ತಿದೆ! ಇದು ಹೀಗೇ ಇರ್ಲಿ. ಆದ್ರೆ ನಾಳೆ ಎಲ್ರೂ ಚಿತ್ರ ನೋಡಿ ನನ್ನ ಕೈ ನೋಡ್ತಾರೆ. ಬಾ, ಹೀಗೆ ಹಿಡಿಯೋದು ಹೇಳ್ಕೊಡು."

ಅವರ ಅಡುಗೆಮನೆ ಎಲ್ಲಿದೆಯೆಂದು ಅವರೇ ಆಳನ್ನು ಕೇಳಿ ನನ್ನನ್ನು ಕರೆದೊಯ್ದರು.

"ಇನ್ನೂ ಬಿಗಿಯಾಗಿ, ಅಮ್ಮಾವ್ರೇ. ಮಕ್ಕಳೆಲ್ಲ ಒಟ್ಟಿಗೇ ಹಸಿವು ಅಂತಿದಾರೆ ಅಂದ್ಕೊಳ್ಳಿ."

ಅವರು ಸೌಟು ಬಿಗಿಹಿಡಿದು ಗರ್ರನೆ ತಿರುಗುವುದಕ್ಕೂ ಅವರ ಯಜಮಾನರು ಒಳಗೆ ಇಣುಕುವುದಕ್ಕೂ ಸರಿಹೋಯಿತು.

"ಏನು?" ಎಂದರು ಒಡತಿ.

"ಏನಿಲ್ಲ, ಏನಿಲ್ಲ." ಯಜಮಾನರು ಬಂದ ಹಾಗೇ ಹಿಂದೆ ಸರಿದರು.

"ನೋಡಿದ್ಯಾ!" ಒಡತಿ ನನ್ನ ಹೆಗಲು ಹಿಡಿದು ಕುಣಿದೇಬಿಟ್ಟರು. ನಕ್ಕು ನಕ್ಕು ನಮ್ಮಿಬ್ಬರಿಗೂ ಉಸಿರು ಸಿಕ್ಕಿಕೊಂಡಿತು. ಒಡತಿ ಕಣ್ಣೊರೆಸಿಕೊಂಡು ಹೊರಗೆ ಬಂದವರೇ ನನ್ನವರತ್ತ ಸೌಟು ಚಾಚಿದರು.

"ಚಿತ್ರಗಾರರೇ, ನಮ್ಮ ನಾದಿನಿ ಮನೆಗೂ ಒಂದು ಬರ್ಕೊಡಿ. ಕೈ ಮಾತ್ರ ಇಷ್ಟು ಜೋರು ಬೇಡ."