ಮರ್ವ್ ಹೇಳಿದ ಹವೆ

ಟೊಂಗಾದಿಂದ ನ್ಯೂಜಿಲೆಂಡಿಗೆ ಇಳಿಯುವ ಹಾಯಿದೋಣಿಯವರಿಗೆ ಅಕ್ಟೋಬರ್ ಬಂತೆಂದರೆ ಮರ್ವ್‌ನ ಮಾತೇ ಪಂಚಾಂಗ. ನ್ಯೂಜಿಲೆಂಡಿನ ಓಪುವಾ ಬಂದರಿನ ಮೇಲಿನ ಗುಡ್ಡದ ಮನೆಯಲ್ಲಿ ಚಹಾ ಹೀರುತ್ತ ಕೂತು ಅವನು ಪ್ರತಿ ಬೆಳಿಗ್ಗೆ ರೇಡಿಯೊ ಹಚ್ಚುತ್ತಿದ್ದ. ಸಾಗರದಲ್ಲಿ ಚದುರಿದ್ದ ದೋಣಿಗಳು ಒಂದೊಂದಾಗಿ ತಮ್ಮ ಹೆಸರು, ತಾವಿರುವ ಜಾಗ, ಗಾಳಿಯ ಬೀಸು ಒಪ್ಪಿಸುತ್ತಿದ್ದವು. ಒಬ್ಬರ ಪಂಪು ಕೆಟ್ಟರೆ ಅದರ ಬಿಡಿಭಾಗ ಯಾರ ಬಳಿ ಇದೆ, ಒಬ್ಬರಿಗೆ ಹಲ್ಲು ನೋವಾದರೆ ದಂತವೈದ್ಯ ಯಾವ ದೋಣಿಯಲ್ಲಿದ್ದಾನೆ, ಯಾವ ಕೊಲ್ಲಿಯಲ್ಲಿ ಲಂಗರು ನಿಲ್ಲುವುದಿಲ್ಲ, ಎಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು. ಕೊನೆಗೆ ಮರ್ವ್ ಹವೆ ಹೇಳುತ್ತಿದ್ದ. ಯಾರಿಂದಲೂ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಹಾಗಾಗಿಯೇ ಅವನಿಗೆ ಎದುರಾಡುವವರೂ ಇರಲಿಲ್ಲ.

ಆ ವರ್ಷ ಮರೈಕೆ ಮತ್ತು ಅವಳ ಗಂಡ ವೀಬೆ ಮಿನರ್ವಾ ದಿಬ್ಬದೊಳಗೆ ಲಂಗರು ಹಾಕಿದ್ದರು. ನಡುಸಮುದ್ರದಲ್ಲಿ ಹವಳದ ಒಂದು ಬಳೆ. ಉಬ್ಬರ ಬಂದರೆ ಅದೂ ಮುಳುಗುತ್ತದೆ. ಒಳಗಿನ ನೀರು ಮಾತ್ರ ಕೆರೆಯಂತೆ. ದಕ್ಷಿಣಕ್ಕೆ ಹೋಗುವವರು ಒಳ್ಳೆಯ ಹವೆಗಾಗಿ ಕಾಯುವುದು ಅಲ್ಲೇ. ಡಚ್ಚರ ನಾಡಿನ ಫ್ರೀಸ್‌ಲ್ಯಾಂಡಿನಲ್ಲಿ ವೀಬೆ ಚರ್ಚುಗಳ ಆರ್ಗನ್ ವಾದ್ಯ ರಿಪೇರಿ ಮಾಡುತ್ತಿದ್ದವನು, ಮರೈಕೆ ದಾದಿ. ಮನೆ ಮಾರಿ 'ಟುರೆಲೂರ್' ಎಂಬ ದೋಣಿ ಕೊಂಡು ಹೊರಟವರು ಅರ್ಧ ಭೂಮಿ ಸುತ್ತಿ ಬಂದಿದ್ದರು. ಅವರ ಪಕ್ಕದಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ, ಎಮ್ರಿಸ್ ಎಂಬ ವೇಲ್ಸ್ ದೇಶದವನ ದೋಣಿ ನಿಂತಿತ್ತು. ಒಂಟಿ ಮನುಷ್ಯ, ಸಂಕೋಚದವನು. ಸಂಜೆ ಇವರಲ್ಲಿಗೆ ಬಂದು ಮೀನಿನ ಸಾರು ಉಂಡು ಹೋಗುತ್ತಿದ್ದ.

"ಮರ್ವ್, ನಮ್ಮ ವಾಯುಭಾರ ಮಾಪಕ ಯಾಕೋ ಇಳೀತಾ ಇದೆ. ಹೊರಡೋದಾ, ಕಾಯೋದಾ?" ಅಂದು ಬೆಳಿಗ್ಗೆ ವೀಬೆ ರೇಡಿಯೊದಲ್ಲಿ ಕೇಳಿದ.

"ಅಯ್ಯೋ, ಮಾಪಕಾನ ಮುದ್ದು ಮಾಡ್ತಾ ಕೂತ್ರೆ ಕ್ರಿಸ್‌ಮಸ್ ಅಲ್ಲೇ ಆಗುತ್ತೆ ಕಣಯ್ಯಾ!" ಮರ್ವ್ ನಕ್ಕ. "ಒಳ್ಳೆ ಹವೆಯ ಕಿಂಡಿ ತೆರೆದಿದೆ, ನುಗ್ಗಿಬಿಡು. ಇವತ್ತು ಬಿಟ್ರೆ ಇನ್ನು ಯಾವಾಗ್ಲೋ. ಇಲ್ಲಿ ಬಿಯರ್ ತಣ್ಣಗಿಟ್ಟಿರ್ತೀನಿ."

ಮರೈಕೆಗೆ ಮನಸ್ಸು ಒಪ್ಪಲಿಲ್ಲ. "ಇನ್ನೊಂದು ದಿನ ನೋಡೋಣ ಕಣೋ," ಎಂದಳು.

"ಅವನು ಈ ನೀರಲ್ಲೇ ಮುದುಕ ಆದೋನು. ನಿನಗಿಂತ ನನಗಿಂತ ಅವನಿಗೆ ಗೊತ್ತಿರಲ್ವಾ?" ಎಂದ ವೀಬೆ, ಲಂಗರು ಎತ್ತಿದ. ಎಮ್ರಿಸ್ ತನ್ನ ದೋಣಿಯ ಮೇಲೆ ನಿಂತು ಹಗ್ಗ ಸುತ್ತುತ್ತಿದ್ದ. ಬಾಯಿ ತೆರೆದವನು ಮತ್ತೆ ಮುಚ್ಚಿ ಕೈ ಬೀಸಿದ. ಅವನು ಹೊರಡಲಿಲ್ಲ.

ಮೂರನೆಯ ದಿನ ಸಮುದ್ರಕ್ಕೆ ಹುಚ್ಚು ಹಿಡಿಯಿತು. ಎಲ್ಲೋ ದೂರ ಸರಿದು ಹೋಗಬೇಕಿದ್ದ ವಾಯುಭಾರ ಕುಸಿತ ಇವರ ನೆತ್ತಿಯ ಮೇಲೇ ಬಂದು ಕೂತಿತ್ತು. ಅಲೆಗಳು ಗುಡ್ಡ ಕುಸಿದಂತೆ ಬೀಳುತ್ತಿದ್ದವು. ವೀಬೆ ಹರಿದ ಹಾಯಿ ಕಟ್ಟಲು ಮೇಲೆ ಹೋಗಿದ್ದಾಗ ದೋಣಿ ಬುಡಮೇಲಾಗಿ ಉರುಳಿ ಮತ್ತೆ ಎದ್ದಿತು. ಮರೈಕೆ ಕೆಳಗಿನ ಕೋಣೆಯಿಂದ ತೆವಳಿ ಹೊರಬಂದಾಗ ಹಾಯಿಯ ಕಂಬವಿರಲಿಲ್ಲ. ವೀಬೆ ಸೊಂಟಕ್ಕೆ ಬಿಗಿದುಕೊಂಡಿದ್ದ ಹಗ್ಗ ಅಂಚಿನಿಂದ ನೀರಿಗೆ ಇಳಿಬಿದ್ದಿತ್ತು. ಅವಳು ಎಳೆದಳು. ಅದು ಹಗುರವಾಗಿ ಬಂತು. ಕತ್ತಲಾಗುವ ತನಕ ಅವಳು ಅವನ ಹೆಸರು ಕೂಗಿದಳು. ಮರುದಿನ ಸರಕು ಹಡಗೊಂದು ಅವಳನ್ನು ಎತ್ತಿಕೊಂಡಿತು. ಹಡಗಿನ ಅಡುಗೆಯವನು ಅವಳ ಕೈಗೆ ಗಂಜಿಯ ಬಟ್ಟಲಿಟ್ಟ. ಅವಳಿಗೆ ಅದನ್ನು ಹಿಡಿಯಲಾಗಲಿಲ್ಲ, ರಾತ್ರಿಯಿಡೀ ದೋಣಿಯ ಕಂಬಿ ಹಿಡಿದುಕೊಂಡಿದ್ದ ಅಂಗೈ ಸುಲಿದು ಹೋಗಿತ್ತು.

ಓಪುವಾದವರು ಅವಳನ್ನು ಕೈಬಿಡಲಿಲ್ಲ, ಆ ಮಾತನ್ನು ಹೇಳಲೇಬೇಕು. ಹಡಗು ಅವಳನ್ನು ಇಳಿಸಿದ ಆಕ್ಲೆಂಡಿಗೇ ಹೋಗಿ ಕರೆತಂದರು. ಊರಿಗೆ ಹೋಗಿದ್ದವರೊಬ್ಬರ ದೋಣಿಯನ್ನು ಉಳಿಯಲು ಕೊಟ್ಟರು. ಒಬ್ಬರು ಉಣ್ಣೆಯ ಅಂಗಿ ತಂದರು, ಒಬ್ಬರು ಬೂಟು. ಮರ್ವ್‌ನ ಹೆಂಡತಿ ನೋಯ್‌ಲೀನ್ ದಿನಾ ಕುರಿಮಾಂಸದ ಕಡುಬು ಹೊತ್ತು ತರುತ್ತಿದ್ದಳು. "ತಿನ್ನು ತಾಯಿ, ನಾವೆಲ್ಲ ಒಂದೇ ಮನೆಯೋರು," ಎನ್ನುತ್ತಿದ್ದಳು. ಮರ್ವ್ ಬಂದು ಅವಳನ್ನು ತಬ್ಬಿ ಅತ್ತ. "ಸಮುದ್ರ ಕಣಮ್ಮ. ಅದಕ್ಕೆ ಯಾರ ಮಾತೂ ತಾಗಲ್ಲ," ಎಂದ. ಅವನ ಅಳು ನಿಜವಾದದ್ದೇ. ಮರೈಕೆ ಅವನು 'ಹೊರಡು ಅಂದಿದ್ದು ನಾನೇ' ಎನ್ನುವುದಕ್ಕಾಗಿ ಕಾದಳು. ಅವನು ಕಣ್ಣೊರೆಸಿಕೊಂಡು ಹೋದ.

ಕೆಲವು ದಿನಗಳ ನಂತರ ಎಮ್ರಿಸ್ ಬಂದು ತಲುಪಿದ. ಅವಳಿದ್ದ ದೋಣಿಗೆ ಬಂದು ಮೆಟ್ಟಿಲ ಮೇಲೇ ಕೂತ, ಒಳಗೆ ಬರಲಿಲ್ಲ.

"ಮರೈಕೆ, ನಿನಗೊಂದು ಹೇಳ್ಬೇಕು. ಅವತ್ತು ಬೆಳಿಗ್ಗೆ ನನಗೆ ಹವೆಯ ಹೊಸ ನಕ್ಷೆ ಸಿಕ್ಕಿತ್ತು. ಕುಸಿತ ತಿರುಗಿ ಬರ್ತಾ ಇರೋದು ಅದರಲ್ಲಿ ಕಾಣ್ತಿತ್ತು. ಮರ್ವ್ ಹಿಂದಿನ ದಿನದ್ದೇ ಓದ್ತಾ ಇದ್ದ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ಯಾವತ್ತು ಬೆಳಿಗ್ಗೆ?"

"ನೀವು ಹೊರಟ ಬೆಳಿಗ್ಗೆ."

"ನಾವು ನಿನ್ನ ಪಕ್ಕದಲ್ಲೇ ಇದ್ವಲ್ಲೋ. ಕೂಗಿದ್ರೆ ಕೇಳ್ತಿತ್ತು."

"ಮರ್ವ್ ಮತ್ತೆ ಬಂದು ತಿದ್ದಬಹುದು ಅಂದ್ಕೊಂಡೆ. ರೇಡಿಯೊದಲ್ಲಿ ಅವನ ಮಾತಿನ ಮೇಲೆ ಯಾರು ಮಾತಾಡ್ತಾರೆ ಹೇಳು? ಹೋದ ವರ್ಷ ಒಬ್ಬ ಫ್ರೆಂಚಿನವನು ಹಾಗೆ ಮಾತಾಡಿದ. ಆಮೇಲೆ ಅವನ ಎಂಜಿನ್ ಕೆಟ್ಟಾಗ ಒಬ್ಬರೂ ಒಂದು ಮೊಳೆ ಕೊಡಲಿಲ್ಲ."

"ಮೊಳೆಗೋಸ್ಕರ," ಎಂದಳು ಮರೈಕೆ.

ಅವನು ತಲೆ ತಗ್ಗಿಸಿ ಅತ್ತ. ಅವಳಿಗೆ ಅವನನ್ನು ಸಮಾಧಾನ ಮಾಡುವ ಮನಸ್ಸಾಗಲಿಲ್ಲ. ಕೊನೆಗೆ ಕೇಳಿದಳು: "ಶನಿವಾರದ ಊಟದಲ್ಲಿ ಇದನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ," ಎಂದ ಎಮ್ರಿಸ್.

ಶನಿವಾರ ಬಂದರಿನ ದೋಣಿಗಾರರ ಕ್ಲಬ್ಬಿನಲ್ಲಿ ವೀಬೆಯ ನೆನಪಿಗೆ ಊಟ. ಪ್ರತಿ ದೋಣಿಯವರೂ ಒಂದೊಂದು ಪಾತ್ರೆ ತಂದಿದ್ದರು. ಮರ್ವ್ ಎದ್ದು ಚೆನ್ನಾಗಿ ಮಾತಾಡಿದ. ವೀಬೆ ರೇಡಿಯೊದಲ್ಲಿ ಹಾರ್ಮೋನಿಕಾ ನುಡಿಸುತ್ತಿದ್ದುದನ್ನು ಹೇಳಿ ನಗಿಸಿದ, ಅಳಿಸಿದ. ಆಮೇಲೆ ಮರೈಕೆ ಎದ್ದಳು.

"ನಿಮ್ಮೆಲ್ಲರ ಅನ್ನ ತಿಂದಿದೀನಿ. ಆದ್ರೂ ಕೇಳ್ತೀನಿ. ಮಾಪಕ ಇಳೀತಿದೆ ಅಂತ ವೀಬೆ ಅವತ್ತು ಹೇಳಿದ. ನುಗ್ಗಿಬಿಡು ಅಂತ ಮರ್ವ್ ಹೇಳಿದ. ಅವನು ಓದಿದ್ದು ಹಿಂದಿನ ದಿನದ ಹವೆ. ನೀವೆಲ್ಲ ಅವತ್ತು ಕೇಳ್ತಾ ಇದ್ರಿ. ಯಾರಿಗಾದ್ರೂ ನೆನಪಿದೆಯಾ?"

ಮರ್ವ್‌ನ ಮುಖ ಕೆಂಪಾಯಿತು. "ನಾನು ಹವೆ ಹೇಳ್ತೀನಿ ತಾಯಿ. ಲಂಗರು ಎತ್ತೋದು ನಾಯಕನ ತೀರ್ಮಾನ. ಅದು ಯಾವಾಗ್ಲೂ ಹಾಗೇ."

ಕೆಲವರು ತಲೆಯಾಡಿಸಿದರು. "ಅವತ್ತು ರೇಡಿಯೊ ಸದ್ದು ಸರಿ ಬರ್ತಿರಲಿಲ್ಲ," ಎಂದ ಒಬ್ಬ. "ಪಾಪ, ಅವಳ ದುಃಖ ಮಾತಾಡ್ತಿದೆ," ಎಂದಳು ಇನ್ನೊಬ್ಬಳು, ಕೇಳುವಷ್ಟು ಗಟ್ಟಿಯಾಗಿ.

ಮರೈಕೆ ಎಮ್ರಿಸ್‌ನ ಕಡೆ ನೋಡಿದಳು. ಅವನು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚೂರು ಚೂರು ಮಾಡುತ್ತಿದ್ದ. ಅವಳು ಅವನ ಹೆಸರು ಹಿಡಿದು ಕರೆದಳು. ಅವನು ಎದ್ದ, ಬಾಗಿಲು ದಾಟಿ ಹೊರಗೆ ಹೋಗಿಬಿಟ್ಟ.

ಅಲ್ಲಿಂದ ಮುಂದೆ ಯಾರೂ ಅವಳಿಗೆ ಕೆಟ್ಟದ್ದು ಮಾಡಲಿಲ್ಲ. ಕಡುಬು ನಿಂತಿತು, ಅಷ್ಟೆ. ಬಟ್ಟೆ ಒಗೆಯುವ ಕೋಣೆಗೆ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಒಂದು ವಾರದಲ್ಲಿ ನೋಯ್‌ಲೀನ್ ಕಟ್ಟೆಯ ಮೇಲೇ ನಿಂತು ಹೇಳಿದಳು: "ನೀನಿರೋ ದೋಣಿಯೋರು ಬೇಗ ಬರ್ತಾ ಇದಾರಂತೆ. ನೀನು ಬೇರೆ ಕಡೆ ನೋಡ್ಕೊಂಡ್ರೆ..."

"ಯಾವಾಗ ಬರ್ತಾರೆ?"

"ಬೇಗ." ನೋಯ್‌ಲೀನ್ ದನಿ ತಗ್ಗಿಸಿದಳು. "ಮರ್ವ್ ನಿದ್ದೆ ಮಾಡ್ತಿಲ್ಲ ಕಣೆ. ಅವನು ರೇಡಿಯೊ ನಿಲ್ಲಿಸಿಬಿಟ್ರೆ ಈ ದೋಣಿಗಳಿಗೆಲ್ಲ ಯಾರು ದಿಕ್ಕು? ಅದನ್ನ ಯೋಚಿಸಿದ್ಯಾ?"

"ನನ್ನವನು ಎಲ್ಲಿ ಮಲಗಿದಾನೆ ಅಂತ ನೀನು ಯೋಚಿಸಿದ್ಯಾ?" ಎಂದಳು ಮರೈಕೆ. ಅದೇ ದಿನ ಕೊಟ್ಟ ಅಂಗಿ, ಬೂಟುಗಳನ್ನು ಮಡಿಚಿಟ್ಟು, ಕೆರಿಕೆರಿಯ ಬಸ್ಸು ಹತ್ತಿದಳು. ಅಲ್ಲಿನ ವೃದ್ಧಾಶ್ರಮದಲ್ಲಿ ದಾದಿಯ ಕೆಲಸ ಸಿಕ್ಕಿತು. ಫ್ರೀಸ್‌ಲ್ಯಾಂಡಿಗೆ ಮರಳಲು ಅಲ್ಲಿ ಅವಳಿಗೇನೂ ಉಳಿದಿರಲಿಲ್ಲ. ಇಲ್ಲಿಯ ನೀರಿನಲ್ಲಾದರೂ ವೀಬೆ ಇದ್ದ.

ಮರುವರ್ಷ ಬೇಸಿಗೆಯಲ್ಲಿ ಆಶ್ರಮದ ಮುದುಕಿಯೊಬ್ಬಳು ಕೇಳಿದಳು: "ಓಪುವಾದಲ್ಲಿ ಡಚ್ಚರವನೊಬ್ಬನ ಹೆಸರಲ್ಲಿ ಬೆಂಚು ಹಾಕಿದಾರಂತಲ್ಲ, ನಿಮ್ಮೂರವನಾ?" ಅವಳಿಗೆ ಯಾರೂ ಹೇಳಿರಲಿಲ್ಲ. ರಜೆಯ ದಿನ ಬಸ್ಸು ಹಿಡಿದು ಹೋದಳು.

ಬಂದರಿನ ಎದುರಿಗೇ ಹೊಸ ಮರದ ಬೆಂಚು. ಮೇಲೆ ವೀಬೆಯ ಹೆಸರು, ಕೆಳಗೆ 'ಸಾಗರ ಸಂಗಾತಿಗಳಿಂದ' ಎಂದು ಕೆತ್ತಿತ್ತು. ಆಗಷ್ಟೇ ಟೊಂಗಾದಿಂದ ಬಂದಿಳಿದಂತಿದ್ದ ಎಳೆಯ ಗಂಡಹೆಂಡಿರು ಅದರ ಮೇಲೆ ಕೂತು ಕಾಗದದಲ್ಲಿ ಸುತ್ತಿದ ಕರಿದ ಮೀನು ತಿನ್ನುತ್ತಿದ್ದರು. ಹುಡುಗಿ ಸರಿದು ಜಾಗ ಬಿಟ್ಟಳು.

"ಇವರು ಯಾರು?" ಮರೈಕೆ ಹೆಸರಿನ ಕಡೆ ಬೆರಳು ತೋರಿಸಿದಳು.

"ಪಾಪ, ಸಮುದ್ರದಲ್ಲಿ ಹೋದರಂತೆ. ಮರ್ವ್ ಬೇಡ ಬೇಡ ಅಂದ್ರೂ ಕೇಳದೆ ಹೊರಟ್ರಂತೆ," ಎಂದಳು ಹುಡುಗಿ. "ನಾವಂತೂ ಮರ್ವ್ ಹೇಳಿದ ಹಾಗೇ ಮಾಡಿದ್ವಿ. ದೇವರಂಥ ಮನುಷ್ಯ."

"ಹಾಗಂತ ಮರ್ವ್ ಹೇಳಿದ್ನಾ?"

"ಅವರು ಅದರ ಬಗ್ಗೆ ಮಾತೇ ಆಡಲ್ಲ. ಎಲ್ರೂ ಹೇಳ್ತಾರೆ."

"ನಾನು ಅವನ ಹೆಂಡತಿ," ಎಂದಳು ಮರೈಕೆ. "ನಾನು ಅಲ್ಲೇ ಇದ್ದೆ. ಮರ್ವ್ ನುಗ್ಗಿಬಿಡು ಅಂದಿದ್ದ."

ಹುಡುಗಿಯ ಕೈಯಲ್ಲಿದ್ದ ಮೀನು ಅಲ್ಲೇ ನಿಂತಿತು. ಅವಳು ಗಂಡನ ಕಡೆ ನೋಡಿದಳು. ಅವನು ಮೆಲ್ಲಗೆ, ಕಾಯಿಲೆಯವರೊಡನೆ ಮಾತಾಡುವ ಹಾಗೆ ಹೇಳಿದ: "ನಿಮ್ಮ ವಿಷಯ ಕೇಳಿದೀವಮ್ಮ. ತುಂಬಾ ಬೇಜಾರಾಯ್ತು."

ಇಬ್ಬರೂ ಕಾಗದ ಮಡಿಚಿಕೊಂಡು ಎದ್ದರು. ಕಟ್ಟೆಯ ತಿರುವಿನಲ್ಲಿ ಹುಡುಗಿ ಒಮ್ಮೆ ಹಿಂತಿರುಗಿ ನೋಡಿದಳು; ಗಂಡ ಅವಳ ತೋಳು ಹಿಡಿದು ಕ್ಲಬ್ಬಿನ ಕಡೆ ನಡೆಸಿಕೊಂಡು ಹೋದ. ಮರೈಕೆ ಬೆಂಚಿನ ಮೇಲೆ ಬಿದ್ದಿದ್ದ ಮೀನಿನ ಎಣ್ಣೆಯನ್ನು ತನ್ನ ಶಾಲಿನ ಅಂಚಿನಿಂದ ಒರೆಸಿದಳು. ಅದು ಹೋಗಲಿಲ್ಲ, ಮರದೊಳಕ್ಕೆ ಇಳಿದಿತ್ತು.