ಹನ್ನೆರಡು ಚೀಟಿಗಳ ಪಾಠ

ವಿಜಯಲಕ್ಷ್ಮೀಯ ಬಡ್ತಿ ಎರಡು ವರ್ಷದಿಂದ ಒಂದೇ ಕಾಗದಕ್ಕಾಗಿ ನಿಂತಿತ್ತು. ರಿಫ್ರೆಶರ್ ಕೋರ್ಸಿನ ಪ್ರಮಾಣಪತ್ರ. ಟಿಕೋಟಾದ ಪದವಿ ಕಾಲೇಜಿನಲ್ಲಿ ಅವಳು ಹನ್ನೊಂದು ವರ್ಷದಿಂದ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಒಮ್ಮೆ ಹೆರಿಗೆ ರಜೆ, ಇನ್ನೊಮ್ಮೆ ಚುನಾವಣೆ ಕೆಲಸ ಅಂತ ಕೋರ್ಸು ಕೈತಪ್ಪಿತ್ತು. ಈ ಸಲ ಆನ್‌ಲೈನಿನಲ್ಲಿ ಸಿಕ್ಕಿತು. ಎರಡು ವಾರ, ಸಂಜೆ ಐದರಿಂದ ಎಂಟು. ವಿಜಯಪುರದ ಮನೆಯ ಅಡುಗೆಕೋಣೆಯಲ್ಲಿ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೊಟ್ಟಿ ಬಡಿಯುತ್ತ ಉಪನ್ಯಾಸ ಕೇಳಿದಳು. ಉಳಿದ ಎಪ್ಪತ್ತು ಜನ ಅಧ್ಯಾಪಕರೂ ಕ್ಯಾಮೆರಾ ಆರಿಸಿಕೊಂಡು ಹೀಗೇ ಏನೋ ಮಾಡುತ್ತಿದ್ದರು.

ಕೊನೆಯ ಕೆಲಸ ಮಾತ್ರ ರೊಟ್ಟಿ ಬಡಿಯುತ್ತ ಮಾಡುವಂಥದ್ದಲ್ಲ. ತನ್ನದೇ ತರಗತಿಯ ಮೂವತ್ತು ನಿಮಿಷದ ವಿಡಿಯೋ ಕಳಿಸಬೇಕು. ಎಲ್ಲಿಯೂ ಕತ್ತರಿಸಿರಬಾರದು. ವಿದ್ಯಾರ್ಥಿಗಳು ಭಾಗವಹಿಸಿದ್ದು ಕಾಣಬೇಕು. ಅದನ್ನು ಮೂವರು ಸಹ ಅಧ್ಯಾಪಕರು ನೋಡಿ ಅಂಕ ಕೊಡುತ್ತಾರೆ. ಬುಧವಾರ ಸಂಜೆ ಐದರೊಳಗೆ ಕಳಿಸದಿದ್ದರೆ ಕೋರ್ಸು ಅಪೂರ್ಣ, ಬಡ್ತಿ ಮತ್ತೆ ಮುಂದಿನ ವರ್ಷಕ್ಕೆ.

ಭಾಗವಹಿಸುವುದು ಎಂಬುದೇ ತೊಂದರೆ. ಅವಳ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಅವಳು ನೋಟ್ಸ್ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು, ಬೆಲ್ ಆದೊಡನೆ ಬಸ್ಸಿಗೆ ಓಡುತ್ತಿದ್ದರು.

ವಾಣಿಜ್ಯ ವಿಭಾಗದ ಅರುಣಕುಮಾರನಿಗೆ ಇದಕ್ಕೆ ಉಪಾಯ ಗೊತ್ತಿತ್ತು. ಅವನು ಇಂಥ ಒಂಬತ್ತು ಕೋರ್ಸು ಮುಗಿಸಿದವನು. ಕಾಲೇಜಿನಲ್ಲಿ ಯಾರಿಗೆ ಕೋರ್ಸು ಬಂದರೂ ಮೊದಲು ಅವನ ಮೇಜಿಗೇ ಹೋಗುತ್ತಿದ್ದರು.

"ಹನ್ನೆರಡು ಚೀಟಿ ಮಾಡ್ರಿ ಮೇಡಂ. ಒಂದೊಂದರಾಗ ಒಂದ ಪ್ರಶ್ನಿ. ಮ್ಯಾಲ ನಂಬರ್ ಹಾಕ್ರಿ. ಶಾಣ್ಯಾ ಹುಡುಗರಿಗೆ ಹಂಚ್ರಿ. ನೀವು ಪಾಠ ಮಾಡಕೋತ ಹೋಗ್ರಿ, ಅವರು ನಂಬರ್ ಪ್ರಕಾರ ಎದ್ದು ಕೇಳತಾರ. ಮುಗೀತು."

"ಬಾಯಿಪಾಠ ಒಪ್ಪಿಸಿದಂಗ ಆಗೂದಿಲ್ಲೇನ್ರಿ?"

"ನೋಡಾವ್ರೇನು ಪರದೇಶದಿಂದ ಬರ್ತಾರೇನ್ರಿ? ಅವರೂ ಚೀಟಿ ಹಂಚಿದವರ."

ಅವಳು ಹಂಚಿದಳು. ಪಾಠ 'ಮಹಿಳೆ ಮತ್ತು ಆಸ್ತಿ'. ಸೋಮವಾರ ಒಮ್ಮೆ ಅಭ್ಯಾಸವನ್ನೂ ಮಾಡಿಸಿದಳು. ಎಲ್ಲ ಸರಿ ಬಂತು.

ಅದು ದ್ರಾಕ್ಷಿ ಕಟಾವಿನ ಸಮಯ. ಬುಧವಾರ ಬೆಳಿಗ್ಗೆ ಅರ್ಧ ತರಗತಿ ತೋಟಗಳಿಗೆ, ಒಣದ್ರಾಕ್ಷಿ ಶೆಡ್ಡುಗಳಿಗೆ ಹೋಗಿತ್ತು. ಚೀಟಿ ಇಸಕೊಂಡವರಲ್ಲಿ ಏಳು ಜನ ಬಂದಿರಲಿಲ್ಲ. ವಿಜಯಲಕ್ಷ್ಮೀಗೆ ಇದು ತಿಳಿದದ್ದು ಒಳಗೆ ಕಾಲಿಟ್ಟ ಮೇಲೆ. ಆಗಲೇ ಜವಾನ ಚಮನಸಾಬ ಅವಳ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿನ ಬೆಂಚಿನ ಮೇಲೆ ನಿಂತಿದ್ದ.

"ಚಾಲೂ ಆಗೇತ್ರಿ ಬಾಯಾರ. ಕೆಂಪು ಲೈಟ ಹತ್ತೇತಿ."

ನಿಲ್ಲಿಸುವಂತಿರಲಿಲ್ಲ. ಅವಳು ಪಾಠ ಶುರು ಮಾಡಿದಳು.

ಆಶ್ಚರ್ಯವೆಂದರೆ ಮೊದಲ ಪ್ರಶ್ನೆ ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೆಯದನ್ನು ಕೇಳಿದವನು ಅವಳು ಚೀಟಿ ಕೊಟ್ಟವನಲ್ಲ, ಬೇರೆ ಹುಡುಗ. ಅವಳಿಗೆ ಅರ್ಥವಾಯಿತು. ಹಾಜರಿ ಕೂಗುವಾಗ ಗೆಳೆಯನ ಪರವಾಗಿ 'ಎಸ್ ಮೇಡಂ' ಅನ್ನುವುದು ಈ ಮಕ್ಕಳಿಗೆ ರೂಢಿ. ಬರದೆ ಉಳಿದವರು ತಮ್ಮ ಚೀಟಿಗಳನ್ನೂ ಹಾಗೇ ಯಾರಿಗೋ ಒಪ್ಪಿಸಿಹೋಗಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡಳು.

ಐದನೆಯ ಚೀಟಿ ಘೋಣಸಗಿಯ ಕಾವ್ಯಾಳದು. ಕಾವ್ಯಾ ಬಂದಿರಲಿಲ್ಲ. ಕಳ್ಳಕವಟಗಿಯ ಸಂಗನಬಸವ ಎದ್ದ. ಆರು ಅಡಿ ಎತ್ತರ, ದಪ್ಪ ಮೀಸೆ, ಕಬಡ್ಡಿ ತಂಡದ ನಾಯಕ. ಚೀಟಿಯನ್ನು ಮೊದಲು ಓದಿಕೊಂಡಿರಲಿಲ್ಲ. ಗಟ್ಟಿಯಾಗಿ ಓದಿದ:

"ಮೇಡಂ, ರೈತ ಕುಟುಂಬದ ಒಬ್ಬ ಹೆಣ್ಣುಮಗಳಾಗಿ, ಮದುವೆಯಾದ ನಂತರವೂ ನನಗೆ ತವರಿನ ಜಮೀನಿನಲ್ಲಿ ಪಾಲು ಸಿಗುತ್ತದೆಯೇ?"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಚಮನಸಾಬನ ಕೈ ಅಲುಗಾಡಿ ಚಿತ್ರ ಕುಣಿಯಿತು.

"ಯಾವ ಊರಿಗೆ ಕೊಟ್ಟಾರೋ ನಿನ್ನ?" ಅಂತ ಹಿಂದಿನಿಂದ ಒಬ್ಬ ಕೂಗಿದ.

"ಗಂಡ ಏನ್ ಮಾಡ್ತಾನ ಬೇ?"

"ಲೇ, ಸುಮ್ನಿರ್ರಲೇ. ಕಾವ್ಯಾ ಕೊಟ್ಟಾಳ, ಓದೀನಿ. ನಂದೇನ್ ತಪ್ಪು?"

ಹುಡುಗಿಯರ ಸಾಲಿನಿಂದ ನಸ್ರೀನ ಎದ್ದಳು. ಅವಳ ಹತ್ತಿರ ಚೀಟಿ ಇರಲಿಲ್ಲ. "ನಗೂದೇನೈತ್ರಿ? ಇವಂಗ ಕೇಳ್ರಿ. ಹೋದ ತಿಂಗಳ ಇವರ ಅಕ್ಕನ್ನ ಕರಕೊಂಡು ಬಂದು ಪಾಲ ಬ್ಯಾಡಂತ ಸಹಿ ಮಾಡಿಸ್ಯಾರ. ನಮ್ಮ ಮಾಮಾನ ಗಾಡ್ಯಾಗ ಹೋಗಿದ್ರು."

ಸಂಗನಬಸವನ ಮುಖ ಇಳಿಯಿತು. "ಅಕಿ ತಾನ ಮಾಡ್ಯಾಳ. ಯಾರೂ ಒತ್ತಾಯ ಮಾಡಿಲ್ಲ. ಸೀರಿ ಉಡಿಸಿ ಕಳಿಸೀವಿ."

"ಎರಡ ಎಕರೆಗೆ ಒಂದ ಸೀರಿ?"

"ನಾಳಿಗೆ ಅಕಿ ಮನಿಗೆ ಬಂದ್ರ ನಾವ ನೋಡಬೇಕಲ್ಲ? ಹಬ್ಬ, ಹೆರಿಗಿ, ಎಲ್ಲಾ ನಾವ ಅಲ್ಲೇನು?"

"ಪಾಲ ಕೊಟ್ರ ಅಕಿನ ನಿಮ್ಮನ್ನ ನೋಡತಾಳ, ತಗೋ."

ಈಗ ನಾಲ್ಕೈದು ಜನ ಒಟ್ಟಿಗೇ ಮಾತಾಡುತ್ತಿದ್ದರು. ಸೋದರತ್ತೆ ಪಾಲು ಕೇಳಿದ ಮೇಲೆ ಮನೆಯವರು ಅವಳೊಂದಿಗೆ ಇಪ್ಪತ್ತು ವರ್ಷ ಮಾತು ಬಿಟ್ಟದ್ದನ್ನು ಒಬ್ಬ ಹೇಳಿದ. ತನ್ನ ತಾಯಿ ಕಾಗದದಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿದ್ದನ್ನು ಒಬ್ಬಳು ಹೇಳಿದಳು. ವಿಜಯಲಕ್ಷ್ಮೀ ಮೇಜು ಬಡಿದು ಸುಮ್ಮನಿರಿಸಿದಳು. ಹಕ್ಕು ಬಿಡುಗಡೆ ಪತ್ರ ಅಂದರೇನು, ಒಮ್ಮೆ ನೋಂದಣಿ ಆದ ಮೇಲೆ ಅದನ್ನು ರದ್ದು ಮಾಡಿಸುವುದು ಎಷ್ಟು ಕಷ್ಟ ಅಂತ ಹೇಳಿದಳು. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಮಗಳಿಗೂ ಮಗನಷ್ಟೇ ಪಾಲು ಇದೆ, ಅದನ್ನು ಬಿಟ್ಟುಕೊಡುವುದು ಜಾಣತನ ಅಲ್ಲ ಅಂದಳು. ಹನ್ನೊಂದು ವರ್ಷದಿಂದ ಹೇಳುತ್ತಿದ್ದ ವಾಕ್ಯ ಅದು.

ಗೋಡೆ ಪಕ್ಕದ ಕೊನೆಯ ಬೆಂಚಿನಿಂದ ಮುನೀರಾ ಎದ್ದು ನಿಂತಳು. ಎರಡು ವರ್ಷದಲ್ಲಿ ಅವಳು ಹಾಜರಿ ಬಿಟ್ಟು ಬೇರೆ ಮಾತಾಡಿದ್ದಿಲ್ಲ.

"ಮೇಡಂ, ನೀವು ಸಹಿ ಮಾಡೀರೇನ್ರಿ?"

ಕೆಂಪು ದೀಪ ಹತ್ತಿಕೊಂಡೇ ಇತ್ತು. ಇಲ್ಲ ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಮಾಡೀನಿ," ಅಂದಳು ವಿಜಯಲಕ್ಷ್ಮೀ. "ಆರು ವರ್ಷ ಆತು. ಬಬಲೇಶ್ವರದಾಗ ನಮ್ಮದು ನಾಲ್ಕ ಎಕರೆ ತೋಟ ಐತಿ. ಅಣ್ಣ ಬಂದು ಕರದಾ, ಹೋದೆ."

"ಯಾಕ್ರಿ?"

ಬೆಲ್ ಆಯಿತು. ಯಾರೂ ಏಳಲಿಲ್ಲ. ಬಸ್ಸಿನ ಹಾರ್ನು ಕೇಳಿಸಿದರೂ ಏಳಲಿಲ್ಲ. ವಿಜಯಲಕ್ಷ್ಮೀಯೇ ಪುಸ್ತಕ ಎತ್ತಿಕೊಂಡು ಹೊರಗೆ ಬಂದಳು.

ಸ್ಟಾಫ್ ರೂಮಿನಲ್ಲಿ ಅರುಣಕುಮಾರ ವಿಡಿಯೋ ನೋಡಿದ. ಸಂಗನಬಸವನ ಪ್ರಶ್ನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೊನೆಯ ಭಾಗಕ್ಕೆ ನಗಲಿಲ್ಲ.

"ಇದನ್ನ ಕಳಸಬ್ಯಾಡ್ರಿ. ಪಾಠ ಬಿಟ್ಟು ಮನಿ ಸುದ್ದಿ ಅಂತಾರ. ಅಪೂರ್ಣ ಅಂತ ಬರದ್ರ ಮುಗೀತು, ನಿಮ್ಮ ಫೈಲ್ ಮತ್ತ ಅಲ್ಲೇ. ಮತ್ತ ನಾಳಿ ಯಾರರೆ ನಿಮ್ಮ ಅಣ್ಣಗ ತೋರಿಸಿದ್ರ?"

"ಹಂಗಾರ ಏನ್ ಮಾಡಲ್ರಿ? ಐದಕ್ಕ ಮುಗೀತೈತಿ."

"ಮೂರಕ್ಕ ನನ್ನ ಬಿ.ಕಾಂ. ಹುಡುಗರನ್ನ ಕೂಡಸ್ತೀನಿ. ಅವರು ಶೆಡ್ಡಿಗೆ ಹೋಗಾವರಲ್ಲ. ಅದ ಚೀಟಿ, ಅದ ಪಾಠ. ಅರ್ಧ ತಾಸಿನ ಕೆಲಸ."

ಒಪ್ಪಿದಳು. ಮೂರಕ್ಕೆ ಹೋದಾಗ ನಲವತ್ತು ಜನ ಇಸ್ತ್ರಿ ಹಾಕಿದ ಅಂಗಿಯಲ್ಲಿ ಕೂತಿದ್ದರು. ಚೀಟಿಗಳು ಅಂಗೈಯಲ್ಲಿದ್ದವು. ಚಮನಸಾಬ ಬೆಂಚು ಹತ್ತಿದ್ದ.

"ಚಾಲೂ ಮಾಡಲ್ರಿ ಬಾಯಾರ?"

ಅವಳು ಹಲಗೆಯ ಮೇಲೆ ಪಾಠದ ಹೆಸರು ಬರೆದಳು. ಮುಂದಿನದು ಅವಳಿಗೆ ಬಾಯಿಪಾಠ. ಹದಿನೈದನೆಯ ನಿಮಿಷಕ್ಕೆ ಬಿಟ್ಟುಕೊಡುವುದು ಜಾಣತನ ಅಲ್ಲ ಅನ್ನಬೇಕು. ಯಾರೂ ತಿರುಗಿ ಕೇಳುವುದಿಲ್ಲ. ಅಂಕ ಬರುತ್ತದೆ. ಬಡ್ತಿಯೂ ಆಗುತ್ತದೆ. ಆದರೆ ಪಕ್ಕದ ಕೋಣೆಯಲ್ಲಿ ಆಗ ನಡೆದದ್ದೇ ಪಾಠ, ಇದಲ್ಲ. ಇಷ್ಟು ವರ್ಷದಲ್ಲಿ ಅಂಥದ್ದು ಆದದ್ದು ಅದೊಂದೇ. ಅದನ್ನು ಬಚ್ಚಿಟ್ಟು ಇದನ್ನು ಕಳಿಸಿದರೆ ತನಗೆ ಕಲಿಸಲು ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು?

"ಬ್ಯಾಡ ಬಿಡ್ರಿ ಚಮನಸಾಬ, ಇಳೀರಿ," ಅಂದಳು. "ನೀವೂ ಎಲ್ಲಾರೂ ಹೋಗ್ರಿ ಮನಿಗೆ. ತಪ್ಪು ತಿಳಕೋಬ್ಯಾಡ್ರಿ."

ಟಿಕೋಟಾದಲ್ಲಿ ನೆಟ್‌ವರ್ಕ್ ಇರಲಿಲ್ಲ. ವಿಜಯಪುರದ ಬಸ್ಸು ಹತ್ತಿ, ಊರು ಹತ್ತಿರವಾದಂತೆ ವಿಡಿಯೋ ಏರಿಸತೊಡಗಿದಳು. ನಾಲ್ಕು ಐವತ್ತಕ್ಕೆ, ನಿಲ್ದಾಣದಲ್ಲಿ ಇಳಿದ ಮೇಲೆ, 'ಸ್ವೀಕರಿಸಲಾಗಿದೆ' ಅಂತ ಬಂತು.

ಹತ್ತು ದಿನದ ಮೇಲೆ ಮೌಲ್ಯಮಾಪನ ಬಂತು. ಅರುಣಕುಮಾರ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

ಮೊದಲನೆಯವರು ಪೂರ್ತಿ ಅಂಕ ಕೊಟ್ಟಿದ್ದರು. 'ಸ್ಲೈಡುಗಳು ಆಕರ್ಷಕವಾಗಿವೆ.' ಅವಳು ಒಂದೂ ಸ್ಲೈಡು ತೋರಿಸಿರಲಿಲ್ಲ. ಎರಡನೆಯವರೂ ಪೂರ್ತಿ ಅಂಕ ಕೊಟ್ಟು 'ತುಂಬಾ ಶಿಸ್ತಿನ ತರಗತಿ' ಅಂತ ಬರೆದಿದ್ದರು.

"ಇಬ್ಬರೂ ನೋಡಿಲ್ಲ ಮಕ್ಕಳು," ಅಂದ ಅರುಣಕುಮಾರ. "ದೇವರಿದ್ದಾನ ನಿಮ್ಮ ಕಡೆ."

ಮೂರನೆಯವರು ನೋಡಿದ್ದರು. ಅಂಕ ಅರ್ಧ. 'ಮೊದಲ ಐದು ಪ್ರಶ್ನೆಗಳು ಬರೆದುಕೊಟ್ಟವು ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆಮೇಲಿನದು ನಿಜವಾದ ತರಗತಿ. ಆದರೆ ಕೊನೆಯ ಪ್ರಶ್ನೆಗೆ ಶಿಕ್ಷಕಿ ಉತ್ತರಿಸಿಲ್ಲ. ಬೆಲ್ ಆದದ್ದು ಕಾರಣವಲ್ಲ, ವಿದ್ಯಾರ್ಥಿಗಳು ಕೂತೇ ಇದ್ದರು.'

ಮೂರೂ ಸೇರಿ ಸರಾಸರಿಯಲ್ಲಿ ಬಿ ಶ್ರೇಣಿ ಬಂದಿತ್ತು. ಕೆಳಗೆ ಪ್ರಮಾಣಪತ್ರದ ಕೊಂಡಿ ಇತ್ತು.

"ಬಿ ಸಾಕ್ರಿ. ಬಡ್ತಿ ಫೈಲಿಗೆ ಕಾಗದ ಬೇಕು, ಅಕ್ಷರ ಯಾರು ನೋಡ್ತಾರ? ಚಹಾ ಹೇಳ್ರಿ ಈಗ," ಅಂದ ಅರುಣಕುಮಾರ.

ಅವಳು ಚಹಾ ಹೇಳಿದಳು. ಮೂರನೆಯವರು ಬರೆದದ್ದನ್ನು ಮತ್ತೊಮ್ಮೆ ಓದಿದಳು. ಹೆಸರು ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಪಾಠವನ್ನು ನೋಡಿ ಯಾರಾದರೂ ಏನಾದರೂ ಹೇಳಿದ್ದು ಇದೇ ಮೊದಲು. ಚಹಾ ಬರುವ ಮೊದಲೇ ಬೆಲ್ ಆಯಿತು. ಎದ್ದು ತರಗತಿಗೆ ಹೋದಳು.

ಇವತ್ತು ಶೆಡ್ಡಿನ ಕೆಲಸ ಮುಗಿದು ಬಹಳ ಜನ ಬಂದಿದ್ದರು. ಕಾವ್ಯಾಳೂ ಇದ್ದಳು. ನೋಟ್ಸ್ ಪುಸ್ತಕ ತೆರೆದು, ಪೆನ್ನು ಹಿಡಿದು ಕೂತಿದ್ದರು.

ವಿಜಯಲಕ್ಷ್ಮೀ ಹಾಜರಿ ಪುಸ್ತಕ ಮುಚ್ಚಿದಳು. "ಬರಕೋಬ್ಯಾಡ್ರಿ," ಅಂದಳು. "ಮುನೀರಾ, ನೀ ಅವತ್ತು ಯಾಕ ಅಂತ ಕೇಳಿದಿ. ನಾ ಹಂಗ ಹೋದೆ. ಹೇಳತೀನಿ ಈಗ."

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಕಾನೂನು ನನಗ ಗೊತ್ತಿರಲಿಲ್ಲಂತ ಅಲ್ಲ. ಸಹಿ ಮಾಡೂ ಹಿಂದಿನ ವಾರ ಇದ ಕೋಣ್ಯಾಗ ಇದ ಪಾಠ ಮಾಡಿದ್ದೆ."