ಕಾವಲಿಯ ಎಡ ತುದಿ

ನಮ್ಮ ಗುಂಡಣ್ಣನ ಸ್ಕ್ಯಾನ್ ಮೊದಲ ಸಲ ಕೆಟ್ಟದ್ದು ಅವನ ಕೈಯಿಂದಲೇ.

ಮದ್ರಾಸಿನ ವೇಲಚೇರಿಯ ನಮ್ಮ ಹೋಟೆಲಿನಲ್ಲಿ ಹದಿನೆಂಟು ವರ್ಷದಿಂದ ದೋಸೆ ಹೊಯ್ಯುವವನು ಅವನು. ಕಾಪಿ ಬೆರೆಸುವವನು ನಾನು, ಚಂದು. ಒಂದು ತಿಂಗಳಿಂದ ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಸೌಟು ಜಾರುತ್ತಿತ್ತು. ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ಎಲ್ಲಿ ಅಂತ ಕಾಣದೆ ಏನೂ ಹೇಳಲಾರೆ, ಎಂಆರ್‌ಐ ಮಾಡಿಸಿ ಅಂದರು ಡಾಕ್ಟರು. ಸೌಟು ಹಿಡಿಯಲಾಗದ ಮೇಲೆ ನಾನು ಯಾರು ಅಂತ ಗುಂಡಣ್ಣ ಸ್ಕ್ಯಾನ್ ಸೆಂಟರಿನ ದಾರಿಯುದ್ದಕ್ಕೂ ಕೇಳಿದ.

ಅವನನ್ನು ಮಲಗಿಸಿ ಯಂತ್ರದ ಓಟೆಯೊಳಗೆ ತಳ್ಳಿದ ಹುಡುಗಿ ಪ್ರಣಮ್ಯಾ. ಮೂರು ತಲೆಮಾರಿನಿಂದ ಮದ್ರಾಸಿನವರು, ಮನೆಮಾತು ಕನ್ನಡ. ಐದೇ ನಿಮಿಷಕ್ಕೆ ನಿಲ್ಲಿಸಿ ಹೊರಗೆಳೆದಳು.

"ಅಯ್ಯೋ ಮಾಮಾ, ಕೈ ಯಾಕೆ ಸುತ್ತಿಸ್ತಾ ಇದೀರ? ಪಡಂ, ಅಂದ್ರೆ ಚಿತ್ರ, ಎಲ್ಲಾ ಕಲಸಿಹೋಯ್ತು, ನೋಡಿ."

"ನಾನಾ? ಇಲ್ಲಪ್ಪ."

ನಾನು ಗಾಜಿನಾಚೆಯಿಂದ ನೋಡಿದ್ದೆ. ಒಳಗೆ ಟಕಟಕಟಕ ಶುರುವಾಗುತ್ತಲೇ ಅವನ ಬಲಗೈ ಹೊಟ್ಟೆಯ ಮೇಲೆ ದುಂಡಗೆ ತಿರುಗತೊಡಗಿತ್ತು. "ನೀನು ದೋಸೆ ಹೊಯ್ದೆ ಮಾರಾಯ," ಅಂದೆ. "ಏಳು ಆಯ್ತು. ಸಾದಾವೋ ಮಸಾಲೆಯೋ ಅದೊಂದು ಗೊತ್ತಾಗಲಿಲ್ಲ."

ಹುಡುಗಿ ನಕ್ಕಳು. ಗುಂಡಣ್ಣ ನಗಲಿಲ್ಲ. "ಇನ್ನೊಂದು ಸಲ ಕೆಟ್ಟರೆ?"

"ಮುಂದಿನ ವಾರವೇ ಮಾಮಾ. ನಿದ್ದೆ ಬರೋ ಔಷಧಿ ಕೊಟ್ಟು ಮಲಗಿಸ್ಬೇಕಾಗತ್ತೆ."

ಗುಂಡಣ್ಣ ಯಂತ್ರದ ಕಡೆ ಗದ್ದ ಎತ್ತಿ ಕೇಳಿದ: "ಅದು ಆ ನಮೂನೆ ಬಡಿಯೂದು ಎಂತಕ್ಕೆ ಮಗಳೇ?"

"ಜಾಗ ಹುಡುಕೋಕೆ. ನಮ್ಮ ಮೈಯಲ್ಲಿ ನೀರಿದೆ ತಾನೇ? ಅದರ ಕಣಗಳು ಅಯಸ್ಕಾಂತದೊಳಗೆ ಬುಗುರಿ ಥರ ತೂಗಾಡ್ತಾ ಸಣ್ಣದಾಗಿ ಉತ್ತರ ಕೊಡ್ತವೆ. ಅಯಸ್ಕಾಂತದ ಬಲ ಎಲ್ಲಾ ಕಡೆ ಒಂದೇ ಇದ್ರೆ ಎಲ್ಲವೂ ಒಂದೇ ಶ್ರುತಿ. ಯಾವುದು ಕುತ್ತಿಗೆದು, ಯಾವುದು ಭುಜದ್ದು, ತಿಳಿಯಲ್ಲ. ಅದಕ್ಕೆ ಒಂದು ತುದಿಗೆ ಬಲ ಚೂರು ಜಾಸ್ತಿ, ಇನ್ನೊಂದು ತುದಿಗೆ ಕಮ್ಮಿ ಮಾಡ್ತೀವಿ. ಜಾಸ್ತಿ ಇರೋ ಕಡೆಯವು ಬೇಗ ಬೇಗ ಆಡ್ತವೆ, ಶ್ರುತಿ ಏರತ್ತೆ. ಆ ಬಲ ಹಾಕಿ ತೆಗೆಯೋ ಸುರುಳಿಗಳು ಅದುರೋದೇ ಈ ಸದ್ದು."

ಗುಂಡಣ್ಣ ಎದ್ದು ಕೂತ. "ಚಂದು, ಇದು ನಮ್ಮ ಕಾವಲಿ ಅಲ್ವಾ?"

ನಮ್ಮ ದೋಸೆ ಕಾವಲಿ ಮಂಚದಷ್ಟು ಉದ್ದ, ಎಡಗಡೆಯ ಒಲೆ ಜೋರು, ಬಲಗಡೆಯದು ಸಣ್ಣ. ನೀರು ಚಿಮುಕಿಸಿದರೆ ಎಡಕ್ಕೆ ಚಟ್ಟನೆ ಚುಯ್ ಅನ್ನುತ್ತದೆ, ಬಲಕ್ಕೆ ಹೋದಷ್ಟೂ ಸೊಂಯ್ ಅಂತ ಎಳೆಯುತ್ತದೆ. ಬೆನ್ನು ಹಾಕಿ ನಿಂತೇ ಹನಿ ಎಲ್ಲಿ ಬಿತ್ತು ಅಂತ ಗುಂಡಣ್ಣ ಹೇಳುತ್ತಾನೆ.

"ಕಾವು ಎಲ್ಲಾ ಕಡೆ ಸಮ ಇದ್ದಿದ್ರೆ ನಾನೂ ಕಿವುಡನೇ," ಅಂದ. "ಆದ್ರೆ ಮಗಳೇ, ಎಡ ಬಲ ನಂಗೆ ಗೊತ್ತಾಗ್ತದೆ. ಮುಂದೆ ಹಿಂದೆ ಗೊತ್ತಾಗೂದಿಲ್ಲ. ನಿಂಗೆ?"

ಪ್ರಣಮ್ಯಾ ಅವನನ್ನೇ ನೋಡಿದಳು. "ಒಳ್ಳೆ ಪ್ರಶ್ನೆ ಕೇಳಿದ್ರಿ ಮಾಮಾ. ಅದಕ್ಕೇ ಮೂರು ದಿಕ್ಕಿಗೆ ಮೂರು ಸುರುಳಿ. ಒಂದೊಂದು ದಿಕ್ಕಿಗೂ ಬಲ ವಾಲಿಸಿ ವಾಲಿಸಿ ಕೇಳ್ತೀವಿ. ನಡುವೆ ನೀವು ಅಲ್ಲಾಡಿದ್ರೆ ಹನಿ ಬಿದ್ದ ಜಾಗವೇ ಬದಲಾದ ಹಾಗೆ."

"ಹಾಗಾದ್ರೆ ಇದು ಹೊಯ್ಯುವ ಹೊತ್ತಲ್ಲ," ಅಂದ ಗುಂಡಣ್ಣ, ತನಗೇ ಹೇಳಿಕೊಂಡಂತೆ. "ಕಾವು ಕೇಳುವ ಹೊತ್ತು. ಆಗ ನಾನು ಸೌಟು ಕೆಳಗಿಡ್ತೇನೆ."

ಮತ್ತೆ ಮಲಗಿದ. ಟಕಟಕ ಶುರುವಾಯಿತು. ನಾನು ಗಾಜಿಗೆ ಮೂಗು ಒತ್ತಿ ಅವನ ಕೈಯನ್ನೇ ನೋಡುತ್ತಿದ್ದೆ. ಒಮ್ಮೆ ತೋರುಬೆರಳು ಏಳಲೋ ಬೇಡವೋ ಅಂದಿತು. ಏಳಲಿಲ್ಲ. ಸದ್ದು ಬದಲಾದಾಗಲೆಲ್ಲ ಹುಬ್ಬು ಮಾತ್ರ ಒಂದಿಷ್ಟು ಮೇಲೇರುತ್ತಿತ್ತಂತೆ, ಕ್ಯಾಮೆರಾದಲ್ಲಿ ಪ್ರಣಮ್ಯಾ ಕಂಡದ್ದು. ಇಪ್ಪತ್ತು ನಿಮಿಷವಾದ ಮೇಲೆ ಅವಳು ಹೆಬ್ಬೆರಳು ಎತ್ತಿ ತೋರಿಸಿದಳು.

ಮರುದಿನ ಗಿಂಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನಿನ ತುದಿಯನ್ನು ಚಿತ್ರದ ಒಂದೇ ಒಂದು ಕಡೆ ಇಟ್ಟರು. ಕುತ್ತಿಗೆಯ ಐದನೆಯ ಮತ್ತು ಆರನೆಯ ಮೂಳೆಯ ನಡುವೆ, ನರ ಒತ್ತಿಕೊಂಡದ್ದು ಅಲ್ಲೇ. ಸದ್ಯ ಆಪರೇಷನ್ ಬೇಡ, ಎರಡು ತಿಂಗಳು ಸೌಟು ಮುಟ್ಟಬೇಡಿ, ಬೆರಳು ಸರಿಹೋಗುವ ಭರವಸೆ ಇದೆ ಅಂದರು.

ಈಗ ಕಾವಲಿಯ ಮುಂದೆ ನಾನು. ಗುಂಡಣ್ಣ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಕಾಪಿ ಕುಡಿಯುತ್ತಾನೆ. ನಾನು ನೀರು ಚಿಮುಕಿಸಿ ಹಿಟ್ಟಿಗೆ ಸೌಟು ಹಾಕುವಷ್ಟರಲ್ಲೇ ಕೂಗು ಬರುತ್ತದೆ:

"ಅಲ್ಲಿ ಹೊಯ್ಯಬೇಡ ಮಾರಾಯ, ಅಲ್ಲಿ ಕಾವಿಲ್ಲ! ಒಂದು ಗೇಣು ಎಡಕ್ಕೆ ಬಾ."